ಮಳೆ ಹೇಗೆ ಬಿತ್ತು, ಮಣ್ಣು ಎತ್ತ ಹೋಯಿತು

ಯಲಬುರ್ಗಾ ಸೀಮೆಯ ಬೇವೂರು, ಅದರ ಸುತ್ತಲಿನ ಹಳ್ಳಿಗಳು, ಆಚೆ ಕುಷ್ಟಗಿ, ಈಚೆ ಕೊಪ್ಪಳ. ಈ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರ್. ಮಳೆಗಾಲ ಏರಿದಾಗ ಆಗುಂಬೆಯಲ್ಲಿ ಒಂದೆರಡು ವಾರಕ್ಕೇ ಇಷ್ಟು ಸುರಿದುಬಿಡುತ್ತದೆ. ಮಳೆ ಹೆಚ್ಚಿದ್ದಲ್ಲಿ ಮಣ್ಣು ಹೆಚ್ಚು ಹೋಗಬೇಕು, ಕಡಿಮೆ ಇದ್ದಲ್ಲಿ ಉಳಿಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನಮ್ಮ ಹಳ್ಳಗಳಿಗೆ ನೀರು ಬಂದ ದಿನ ದಂಡೆಯ ಮೇಲೆ ನಿಂತು ನೋಡಿ. ಎರೆ ಸೀಮೆಯಲ್ಲಿ ಕಪ್ಪು ರಾಡಿ, ಮಸಾರಿ ಸೀಮೆಯಲ್ಲಿ ಕೆಂಪು ರಾಡಿ. ಮಳೆ ಕಡಿಮೆ ಇರುವ ನಾಡೇ ಮಣ್ಣನ್ನು ಹೆಚ್ಚು ಕಳೆದುಕೊಳ್ಳುತ್ತಿದೆ. ಇದು ಯಾಕೆ ಹೀಗೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹೊಲದ ಮಣ್ಣು ವರ್ಷವಿಡೀ ಇಷ್ಟಿಷ್ಟಾಗಿ ಹೋಗುವುದಿಲ್ಲ. ವರ್ಷದಲ್ಲಿ ಬೆರಳೆಣಿಕೆಯ ಮಳೆಗಳಲ್ಲಿ, ಎಲ್ಲ ಕೂಡಿಸಿದರೂ ಕೆಲವೇ ತಾಸುಗಳಲ್ಲಿ, ಹೋಗಬೇಕಾದದ್ದರಲ್ಲಿ ಬಹುಪಾಲು ಹೋಗಿಬಿಡುತ್ತದೆ. ಆ ತಾಸುಗಳು ಯಾವಾಗ ಬರುತ್ತವೆ ಎಂಬುದು ಹೆಚ್ಚುಕಡಿಮೆ ಗೊತ್ತಿರುವ ಸಂಗತಿ. ಈಗ ಮಘೆ ಮಳೆ ನಡೆದಿದೆ. ಮುಂದೆ ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ. ನಮ್ಮ ಸೀಮೆಯ ದೊಡ್ಡ ಮಳೆಗಳು ಇರುವುದು ಇಲ್ಲಿಯೇ, ನಮ್ಮ ಎರೆ ಹೊಲಗಳು ಬರಿ ಮೈಯಲ್ಲಿ ಬಿದ್ದಿರುವುದೂ ಈ ಹೊತ್ತಿನಲ್ಲಿಯೇ.

ವರ್ಷದ ಮಳೆಯೆಲ್ಲ ಒಂದೇ ಜಾತಿಯದಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯನ್ನು ನೋಡಿ. ಬೆಳಗಿನಿಂದ ಕಾದ ನೆಲ, ಮಧ್ಯಾಹ್ನ ಮೂರರ ಮೇಲೆ ಏಳುವ ಕರಿಮೋಡ, ಮೊದಲು ಗಾಳಿ, ಆಮೇಲೆ ಗುಡುಗು, ಕೆಲವೊಮ್ಮೆ ಆಲಿಕಲ್ಲು. ಅರ್ಧ ತಾಸು ಬಡಿದು ಮುಗಿಯುತ್ತದೆ. ಜೂನ್, ಜುಲೈ ತಿಂಗಳ ಮಳೆಯ ಸ್ವಭಾವವೇ ಬೇರೆ. ಅರಬ್ಬೀ ಸಮುದ್ರದಿಂದ ಬರುವ ಮೋಡ ತನ್ನ ನೀರನ್ನೆಲ್ಲ ಪಶ್ಚಿಮ ಘಟ್ಟಕ್ಕೆ ಸುರಿದು, ಹಗುರಾಗಿ ನಮ್ಮ ಕಡೆ ಬರುತ್ತದೆ. ನಾವು ಇರುವುದು ಘಟ್ಟದ ಮಳೆನೆರಳಿನಲ್ಲಿ. ಆಗ ಬೀಳುವುದು ಜಿಟಿಜಿಟಿ ಮಳೆ, ಅದರ ಹಿಂದೆ ಆಷಾಢದ ಗಾಳಿ. ಯಲಬುರ್ಗಾ, ಕುಕನೂರಿನ ಬಯಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಈ ಗಾಳಿಯ ಬಲ ನೋಡಿಯೇ. ಈ ಜಿಟಿಜಿಟಿ ಮಳೆಗೆ ಮಣ್ಣನ್ನು ಎಬ್ಬಿಸುವ ಶಕ್ತಿ ಇಲ್ಲ. ಬಿದ್ದಷ್ಟು ಒಳಗೆ ಇಳಿಯುತ್ತದೆ, ಇಳಿದದ್ದರಲ್ಲಿ ಒಂದಿಷ್ಟನ್ನು ಗಾಳಿ ಒಣಗಿಸುತ್ತದೆ. ಆಮೇಲೆ ಮಳೆ ಕೈಕೊಡುತ್ತದೆ. ಹದಿನೈದು ದಿನವೋ, ತಿಂಗಳೋ, ಆಕಾಶ ನೋಡುತ್ತ ಕೂಡಬೇಕು.

ಸೆಪ್ಟೆಂಬರ್ ಬಂತೆಂದರೆ ಆಟ ಬದಲಾಗುತ್ತದೆ. ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಗಾಳಿ ಸಡಿಲುತ್ತದೆ, ಬಿಸಿಲು ಮತ್ತೆ ಏರುತ್ತದೆ, ಗಾಳಿಯಲ್ಲಿ ನೀರಿನ ಅಂಶ ತುಂಬಿರುತ್ತದೆ. ಮಧ್ಯಾಹ್ನದ ಮೇಲೆ ಮೋಡ ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದು ರಾತ್ರಿಯವರೆಗೂ ಬಡಿಯುತ್ತದೆ. ಇದರ ಜೊತೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಆಂಧ್ರದ ಮೇಲೆ ಹಾಯ್ದು ಬಂದರೆ, ಎರಡು ಮೂರು ದಿನ ಬಿಡದೆ ಸುರಿಯುತ್ತದೆ. ಇಡೀ ವರ್ಷದಲ್ಲಿ ಈ ಭಾಗಕ್ಕೆ ಹೆಚ್ಚು ಮಳೆ ತರುವ ತಿಂಗಳು ಸೆಪ್ಟೆಂಬರ್.

ಈಗ ಹನಿಯ ಲೆಕ್ಕಕ್ಕೆ ಬರೋಣ. ಜಿಟಿಜಿಟಿ ಮಳೆಯ ಹನಿ ಒಂದು ಮಿಲಿಮೀಟರ್ ದಪ್ಪ ಇದ್ದರೆ, ಅದು ನೆಲಕ್ಕೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು 4 ಮೀಟರ್. ಗುಡುಗಿನ ಮಳೆಯ ದೊಡ್ಡ ಹನಿ 5 ಮಿಲಿಮೀಟರ್ ಇರುತ್ತದೆ. ಅದರ ವೇಗ ಸುಮಾರು 9 ಮೀಟರ್. ಐದು ಪಟ್ಟು ದಪ್ಪ ಎಂದರೆ ತೂಕದಲ್ಲಿ 125 ಪಟ್ಟು. ವೇಗವನ್ನೂ ಸೇರಿಸಿ ಲೆಕ್ಕ ಹಾಕಿದರೆ ಆ ಒಂದು ಹನಿಯ ಹೊಡೆತ ಸಣ್ಣ ಹನಿಯ ಹೊಡೆತಕ್ಕಿಂತ 600 ಪಟ್ಟಿಗೂ ಹೆಚ್ಚು. ಮಳೆಮಾಪಕದಲ್ಲಿ ಎರಡೂ ಮಳೆ 20 ಮಿಲಿಮೀಟರ್ ಎಂದೇ ಬರೆಸಿಕೊಳ್ಳಬಹುದು. ನೆಲಕ್ಕೆ ಮಾತ್ರ ಎರಡೂ ಒಂದೇ ಅಲ್ಲ.

ಹನಿಯ ದಪ್ಪವನ್ನು ಅಳೆಯುವ ಸುಲಭದ ದಾರಿಯೊಂದಿದೆ. ಅಮೆರಿಕದ ವರ್ಮಾಂಟ್ ಎಂಬ ಪ್ರಾಂತ್ಯದಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನಿದ್ದ. ಹಿಮದ ಹರಳುಗಳ ಚಿತ್ರ ತೆಗೆದು ಹೆಸರಾದವನು. 1904ರಲ್ಲಿ ಅವನು ಮಳೆಹನಿಯನ್ನು ಅಳೆದ ಬಗೆಯನ್ನು ಪ್ರಕಟಿಸಿದ. ಅಗಲವಾದ ತಟ್ಟೆಯಲ್ಲಿ ಒಂದು ಅಂಗುಲ ನುಣ್ಣನೆಯ ಹಿಟ್ಟು ಹರವಿ, ಕೆಲವು ಸೆಕೆಂಡು ಮಳೆಗೆ ಹಿಡಿದು ಒಳಗೆ ತರುವುದು. ಹನಿ ಬಿದ್ದಲ್ಲೆಲ್ಲ ಹಿಟ್ಟು ಉಂಡೆಕಟ್ಟುತ್ತದೆ. ಒಣಗಿದ ಮೇಲೆ ಜರಡಿ ಹಿಡಿದು ಉಂಡೆಗಳನ್ನು ಅಳೆಯುವುದು. ನಮ್ಮ ಶಾಲೆಯ ಮಕ್ಕಳು ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಒಮ್ಮೆ, ಉತ್ತರಿಯ ಗುಡುಗಿನ ಮಳೆಗೆ ಒಮ್ಮೆ ಹೀಗೆ ತಟ್ಟೆ ಹಿಡಿದು ನೋಡಬೇಕು. ಗುಡುಗು ಮಿಂಚು ದೂರ ಸರಿದ ಮೇಲೆ, ದೊಡ್ಡವರ ಜೊತೆಯಲ್ಲಿ. ಪಾಠದ ಪುಸ್ತಕದ ಹತ್ತು ಪುಟ ಹೇಳದ್ದನ್ನು ಆ ಎರಡು ತಟ್ಟೆಗಳು ಹೇಳುತ್ತವೆ.

ಹನಿ ಬಿದ್ದ ಮೇಲೆ ಮಣ್ಣಿಗೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಿಮ್ಮ ಮನೆಯ ಗೋಡೆಯ ಮೇಲೆಯೇ ಇದೆ. ಸುಣ್ಣ ಬಳಿದ ಗೋಡೆ ಅಂಗಳದ ಕಡೆ ಇದ್ದರೆ, ಜೋರು ಮಳೆಯ ಮರುದಿನ ಮೊಣಕಾಲಿನ ಎತ್ತರದವರೆಗೂ ಕೆಂಪು ಚುಕ್ಕೆಗಳು ಕೂತಿರುತ್ತವೆ. ದೊಡ್ಡ ಹನಿ ಒದ್ದೆ ನೆಲಕ್ಕೆ ಬಡಿದಾಗ ಮಣ್ಣಿನ ಕಣ ಎರಡು ಅಡಿಯವರೆಗೂ ಮೇಲಕ್ಕೆ, ನಾಲ್ಕೈದು ಅಡಿ ಪಕ್ಕಕ್ಕೆ ಸಿಡಿಯುತ್ತದೆ. ಶೇಂಗಾ ಬಳ್ಳಿಯ ಕೆಳಗಿನ ಎಲೆಗಳನ್ನು ತಿರುವಿ ನೋಡಿದರೂ ಇದೇ ಗುರುತು. ಇಳಿಜಾರಿನ ಹೊಲದಲ್ಲಿ ಸಿಡಿದ ಕಣ ಮೇಲಿನ ಕಡೆಗಿಂತ ಕೆಳಗಿನ ಕಡೆಗೆ ಹೆಚ್ಚು ದೂರ ಬೀಳುತ್ತದೆ. ನೀರು ಹರಿಯಲು ಶುರುವಾಗುವ ಮೊದಲೇ ಮಣ್ಣಿನ ಪ್ರಯಾಣ ಶುರುವಾಗಿರುತ್ತದೆ.

ಮಸಾರಿ ಹೊಲದಲ್ಲಿ ಇನ್ನೊಂದು ಗುರುತನ್ನು ನೋಡಬಹುದು. ದೊಡ್ಡ ಮಳೆ ನಿಂತ ಮೇಲೆ ಬೆಣಚುಕಲ್ಲು ಬಿದ್ದಿರುವ ಜಾಗದಲ್ಲಿ ಕುಳಿತು ನೆಲದ ಮಟ್ಟದಿಂದ ನೋಡಿ. ಒಂದೊಂದು ಕಲ್ಲೂ ಒಂದೊಂದು ಸಣ್ಣ ಮಣ್ಣಿನ ಕಂಬದ ಮೇಲೆ ಕೂತಿರುತ್ತದೆ. ಕಲ್ಲಿನ ಅಡಿಯ ಮಣ್ಣಿಗೆ ಹನಿಯ ಹೊಡೆತ ಬಿದ್ದಿಲ್ಲ, ಅದು ಉಳಿದಿದೆ. ಸುತ್ತಲಿನದು ಹೋಗಿದೆ. ಆ ಕಂಬದ ಎತ್ತರ ಎಷ್ಟೋ ಅಷ್ಟು ಮಣ್ಣು ನಿಮ್ಮ ಹೊಲ ಬಿಟ್ಟಿತು ಎಂದು ತಿಳಿಯಬಹುದು. ಒಂದು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಒಂದು ಹೆಕ್ಟೇರಿನಲ್ಲಿ ಒಂದು ಮಿಲಿಮೀಟರ್ ಎಂದರೆ ಸುಮಾರು 13 ಟನ್ ಮಣ್ಣು. ಎಕರೆಗೆ ಐದು ಟನ್‌ಗಿಂತ ಹೆಚ್ಚು. ಅಷ್ಟು ಮಣ್ಣು ಮತ್ತೆ ಹುಟ್ಟಲು ಹತ್ತಾರು ವರ್ಷ ಬೇಕು. ಹೋಗುವುದು ಗೊಬ್ಬರದ ಸತ್ವ ಹಿಡಿದಿಟ್ಟ ಮೇಲುಮಣ್ಣು, ಉಳಿಯುವುದು ಉಸುಕು, ಗರಸು.

ಎರೆ ಮತ್ತು ಮಸಾರಿ, ಎರಡರ ನಡತೆ ಬೇರೆ. ಮಸಾರಿಯಲ್ಲಿ ಉಸುಕಿನ ಅಂಶ ಹೆಚ್ಚು, ನೀರು ಬೇಗ ಇಳಿಯಬೇಕು. ಆದರೆ ಹನಿ ಬಡಿದು ಎದ್ದ ಸಣ್ಣ ಕಣ ನೆಲದ ರಂಧ್ರಗಳಲ್ಲಿ ಕೂತು ಮೇಲೊಂದು ಹಪ್ಪಳದಂಥ ಪದರ ಕಟ್ಟುತ್ತದೆ. ಬಿಸಿಲು ಬಿದ್ದರೆ ಅದು ಬಿಗಿಯುತ್ತದೆ. ಸಜ್ಜೆಯ ಮೊಳಕೆ ಅದನ್ನು ಸೀಳಿಕೊಂಡು ಬರಲಾರದೆ ಒಳಗೇ ಸಾಯುವುದನ್ನು ನೀವು ಕಂಡಿದ್ದೀರಿ. ಮುಂದಿನ ಮಳೆ ಬಂದಾಗ ನೀರು ಆ ಪದರದ ಮೇಲೆಯೇ ಜಾರಿಹೋಗುತ್ತದೆ.

ಎರೆಯದು ಇದಕ್ಕೆ ಉಲ್ಟಾ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಅಗಲ ಬಿರುಕು ಬಿಟ್ಟಿರುತ್ತದೆ. ಅಡ್ಡಮಳೆಯೂ ರೋಹಿಣಿ ಮಳೆಯೂ ಎಷ್ಟು ಜೋರಾಗಿ ಬಂದರೂ ನೀರು ಬಿರುಕಿನೊಳಗೆ ಹೋಗುತ್ತದೆ, ಹೊಲದಿಂದ ಹೊರಗೆ ಬರುವುದು ಕಡಿಮೆ. ಆದರೆ ಎರೆ ಕುಡಿದಷ್ಟೂ ಉಬ್ಬುತ್ತದೆ. ನಾಲ್ಕಾರು ಮಳೆ ಕುಡಿದ ಮೇಲೆ ಬಿರುಕೆಲ್ಲ ಮುಚ್ಚಿ, ತಾಸಿಗೆ ಕೆಲವೇ ಮಿಲಿಮೀಟರ್ ನೀರು ಇಳಿಯುವಷ್ಟು ಬಿಗಿದು ಕೂಡುತ್ತದೆ. ಇಂಥ ಹೊಲದ ಮೇಲೆ ಹಸ್ತ ಮಳೆ ತಾಸಿಗೆ 40 ಮಿಲಿಮೀಟರ್‌ನಂತೆ ಬಂದರೆ ಆ ನೀರು ಎಲ್ಲಿಗೆ ಹೋಗಬೇಕು? ರೋಹಿಣಿಯಲ್ಲಿ ಹೊಲ ಬಿಟ್ಟು ಕದಲದ ಅದೇ 40 ಮಿಲಿಮೀಟರ್, ಹಸ್ತದಲ್ಲಿ ಒಡ್ಡು ಒಡೆದು ಹಳ್ಳಕ್ಕೆ ಇಳಿಯುತ್ತದೆ.

ನಮ್ಮ ಹಿರಿಯರು ಇದನ್ನು ಅಂಕಿಯಲ್ಲಿ ಹೇಳಲಿಲ್ಲ, ಹಸಿಯಲ್ಲಿ ಹೇಳಿದರು. ಮಳೆಯಾದ ಮರುದಿನ ಬೇವೂರಿನ ಕಡೆ ಇಬ್ಬರು ರೈತರು ಎದುರಾದರೆ ಎಷ್ಟು ಮಿಲಿಮೀಟರ್ ಎಂದು ಯಾರೂ ಕೇಳುವುದಿಲ್ಲ. "ಏನ್ ಕಾಕಾ, ನಿಮ್ ಕಡೆ ಹಸಿ ಎಷ್ಟಾಗೈತ್ರೀ?" ಎಂದು ಒಬ್ಬ ಕೇಳಿದರೆ, "ಮ್ಯಾಲ ನಾಕ ಬೆರಳ ತೊಯ್ದೈತೆಪಾ, ಒಳಗ ಹಂಗ ಒಣಾ ಐತಿ, ನೀರೆಲ್ಲಾ ಹಳ್ಳಕ್ಕ ಹೋತು" ಎಂದು ಇನ್ನೊಬ್ಬರು ಹೇಳುತ್ತಾರೆ. ಕುಡುಗೋಲಿನಿಂದ ನೆಲ ಕೆದರಿ, ಬೆರಳು ಇಳಿಸಿ ಕಂಡುಕೊಂಡ ಲೆಕ್ಕ ಅದು. ಬಿದ್ದ ಮಳೆಯಲ್ಲಿ ಹೊಲಕ್ಕೆ ದಕ್ಕಿದ್ದು ಎಷ್ಟು ಎಂಬುದಕ್ಕೆ ಇದಕ್ಕಿಂತ ನೇರವಾದ ಅಳತೆ ನನಗೆ ಗೊತ್ತಿಲ್ಲ.

ವಿಜ್ಞಾನವೂ ಬೇರೆ ದಾರಿಯಿಂದ ಇಲ್ಲಿಗೇ ಬಂತು. ಅಮೆರಿಕದ ವಿಶ್‌ಮೈಯರ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಸಾವಿರಾರು ಮಳೆಗಳ ದಾಖಲೆ ನೋಡಿ, ಮಣ್ಣು ಎಷ್ಟು ಹೋಯಿತು ಎಂಬುದು ಒಟ್ಟು ಮಳೆಗಿಂತ ಆ ಮಳೆಯ ಹೊಡೆತದ ಶಕ್ತಿ ಮತ್ತು ಅದರ ಅತಿ ಜೋರಾದ ಅರ್ಧ ತಾಸು, ಇವೆರಡನ್ನು ಅವಲಂಬಿಸಿದೆ ಎಂದು ಕಂಡುಕೊಂಡರು. 1965ರಲ್ಲಿ ಅವರು ಪ್ರಕಟಿಸಿದ ಸೂತ್ರವನ್ನು ಇವತ್ತಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಅವರ ಲೆಕ್ಕದಲ್ಲಿ 12.5 ಮಿಲಿಮೀಟರ್‌ಗಿಂತ ಕಡಿಮೆ ಬಿದ್ದ ಸಾಧಾರಣ ಮಳೆಗೆ ಜಾಗವೇ ಇಲ್ಲ.

ಇಲ್ಲೊಂದು ಒತ್ತಾಯ ಮಾಡಬೇಕೆನ್ನಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಅಂದರೆ ಯಾವ ಅರ್ಧ ತಾಸಿನಲ್ಲಿ ಎಷ್ಟು ಬಿತ್ತು ಎಂಬುದು ಯಂತ್ರಕ್ಕೆ ಗೊತ್ತು. ಪತ್ರಿಕೆಯಲ್ಲಿ, ಬಾನುಲಿಯಲ್ಲಿ ನಮಗೆ ಸಿಗುವುದು ದಿನದ ಒಟ್ಟು ಮೊತ್ತ ಮಾತ್ರ. ಇಂತಿಂಥ ಊರಲ್ಲಿ 50 ಮಿಲಿಮೀಟರ್, ಅದರಲ್ಲಿ 30 ಮಿಲಿಮೀಟರ್ ಅರ್ಧ ತಾಸಿನಲ್ಲಿ ಎಂದು ಹೇಳಿದರೆ, ರೈತ ತನ್ನ ಒಡ್ಡು ನೋಡಲು ಹೋಗಬೇಕೋ ಬೇಡವೋ ಎಂದು ಕೂತಲ್ಲೇ ತಿಳಿದುಕೊಳ್ಳುತ್ತಾನೆ.

2009ನೆಯ ಇಸವಿಯನ್ನು ಈ ಸೀಮೆ ಮರೆತಿಲ್ಲ. ಆ ವರ್ಷ ದೇಶದ ಮುಂಗಾರು ವಾಡಿಕೆಯ 78 ಪ್ರತಿಶತ ಮಾತ್ರ. ದೇಶವೆಲ್ಲ ಬರದ ಮಾತಾಡುತ್ತಿತ್ತು. ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆಯ ಮೊದಲ ವಾರದಲ್ಲಿ, ಬಂಗಾಳ ಕೊಲ್ಲಿಯಿಂದ ಬಂದ ಮೋಡ ಉತ್ತರ ಕರ್ನಾಟಕದ ಮೇಲೆ ನಿಂತಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳಲ್ಲಿ ಮಾಳಿಗೆ ಮನೆಗಳು ಸಾಲುಸಾಲಾಗಿ ಕುಸಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 2ರ ಹೊತ್ತಿಗೆ ತುಂಗಭದ್ರೆ ಮಂತ್ರಾಲಯದೊಳಗೆ ನುಗ್ಗಿತ್ತು, ಕರ್ನೂಲು ಮುಳುಗಿತ್ತು. ಮನೆ ಹೋದದ್ದಕ್ಕೆ ಪಂಚನಾಮೆ ನಡೆಯಿತು, ಬೆಳೆ ಹೋದದ್ದಕ್ಕೂ ನಡೆಯಿತು. ಹಿಂಗಾರಿ ಬಿತ್ತಲು ಹದ ಮಾಡಿಟ್ಟಿದ್ದ ಹೊಲಗಳಿಂದ ಹೋದ ಮಣ್ಣನ್ನು ಯಾರೂ ಬರೆದುಕೊಳ್ಳಲಿಲ್ಲ. ಬರವೂ ನೆರೆಯೂ ಬೇರೆಬೇರೆ ವರ್ಷಕ್ಕೆ ಬರುತ್ತವೆ ಎಂದು ನಂಬಿದವರಿಗೆ ಆ ವರ್ಷ ಎರಡನ್ನೂ ಒಟ್ಟಿಗೆ ತೋರಿಸಿತು. ಬರದಲ್ಲಿ ಹುಲ್ಲು ಒಣಗುತ್ತದೆ, ದನ ನೆಲದವರೆಗೂ ಮೇಯುತ್ತವೆ, ಬೆಳೆ ನೆಲ ಮುಚ್ಚುವಷ್ಟು ಏಳುವುದಿಲ್ಲ. ಅಂಥ ಬೋಳು ನೆಲದ ಮೇಲೆ ದೊಡ್ಡ ಮಳೆ ಬಂದರೆ ತಡೆಯಲು ಏನೂ ಇರುವುದಿಲ್ಲ.

ಮುಂದಿನ ದಿನಗಳು ಹಗುರಾಗುವಂತೆಯೂ ಕಾಣುವುದಿಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು 7 ಪ್ರತಿಶತ ಹೆಚ್ಚುತ್ತದೆ. ಸುರಿಯುವಾಗ ಜೋರಾಗಿ ಸುರಿಯಲು ಅಷ್ಟು ಸಾಕು.

ಹೊಲ ಬಿಟ್ಟ ಮಣ್ಣು ಎಲ್ಲಿಗೆ ಹೋಗುತ್ತದೆ? ಧ್ರುವನಾರಾಯಣ ಮತ್ತು ರಾಮ್‌ಬಾಬು ಎಂಬ ವಿಜ್ಞಾನಿಗಳು 1983ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ಕದಲುತ್ತದೆ. ಹೆಕ್ಟೇರಿಗೆ 16.4 ಟನ್. ಅದರಲ್ಲಿ ಸಮುದ್ರ ಸೇರುವುದು 29 ಪ್ರತಿಶತ, ಜಲಾಶಯಗಳಲ್ಲಿ ಕೂಡುವುದು 10 ಪ್ರತಿಶತ. ಉಳಿದದ್ದು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ, ಹಳ್ಳದ ಪಾತ್ರಕ್ಕೆ, ಕೆರೆಯಂಗಳಕ್ಕೆ.

ಆ 10 ಪ್ರತಿಶತ ಏನು ಮಾಡಬಲ್ಲದು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಜಲಾಶಯ 1953ರಲ್ಲಿ ಸಿದ್ಧವಾದಾಗ ಅದರಲ್ಲಿ ಹಿಡಿಯುತ್ತಿದ್ದ ನೀರು 133 ಟಿಎಂಸಿ. ಈಗ ಹಿಡಿಯುವುದು ಸುಮಾರು 105 ಟಿಎಂಸಿ. 28 ಟಿಎಂಸಿಯ ಜಾಗವನ್ನು ಹೂಳು ತುಂಬಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್‌ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಾಡೆಲ್ಲ ಉಸಿರು ಬಿಗಿಹಿಡಿದು ನೋಡಿತು, ಗಂಗಾವತಿಯ ಭತ್ತದ ರೈತರು ನಿದ್ದೆಗೆಟ್ಟರು. ಹೂಳು ಕದ್ದ 28 ಟಿಎಂಸಿಗೆ ಅಂಥ ಒಂದು ರಾತ್ರಿ ಇಲ್ಲ. ಅದು ಎಪ್ಪತ್ತು ವರ್ಷಗಳ ಮಳೆಗಾಲಗಳಲ್ಲಿ ಶಿವಮೊಗ್ಗ, ದಾವಣಗೆರೆ, ಹಾವೇರಿ ಸೀಮೆಯ ಇಳಿಜಾರುಗಳಿಂದಲೂ ನಮ್ಮ ಕಡೆಯ ಹಳ್ಳಗಳಿಂದಲೂ ಇಳಿದು ಬಂದ ಮಣ್ಣು. ಯಲಬುರ್ಗಾದ ಖುಷ್ಕಿ ರೈತನ ಮಣ್ಣೂ ಗಂಗಾವತಿಯ ನೀರಾವರಿ ರೈತನ ನೀರೂ ಒಂದೇ ಲೆಕ್ಕದ ಎರಡು ಬದಿ ಎಂದು ನಾನು ತಿಳಿದಿದ್ದೇನೆ.

ಹೂಳಿನ ವಿರುದ್ಧ ನಮ್ಮ ಜಿಲ್ಲೆ ಸುಮ್ಮನೆ ಕೂತಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತು ಹಿರೇಹಳ್ಳದ ಸುಮಾರು 26 ಕಿಲೋಮೀಟರ್ ಪಾತ್ರವನ್ನು ಜನರ ಕೈಯಿಂದಲೇ ಹಸನು ಮಾಡಿಸಿದರು. ಕುಷ್ಟಗಿಯ ನಿಡಶೇಸಿ ಕೆರೆಯ ಹೂಳನ್ನೂ ಜನರೇ ಸೇರಿ ತೆಗೆದರು. ಇಷ್ಟು ಶ್ರಮ ಸುರಿದು ತೆಗೆದ ಹೂಳು ಮತ್ತೆ ಬಂದು ತುಂಬಬಾರದು ಎಂದರೆ ಮೇಲಿನ ಹೊಲಗಳಲ್ಲೇ ಅದನ್ನು ಹಿಡಿಯಬೇಕು.

ಹಿಡಿಯುವ ದಾರಿ ಹೊಸದೇನಲ್ಲ. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನಾ ಕೇಂದ್ರ ನಡೆದಿದೆ. ನಮ್ಮಂಥದೇ ಎರೆ, ನಮ್ಮಂಥದೇ ಮಳೆ. ಆಳವಾದ ಎರೆಯಲ್ಲಿ ನೀರನ್ನು ಕಟ್ಟಿ ನಿಲ್ಲಿಸುವ ಸಮಪಾತಳಿ ಒಡ್ಡು ಬಾಳುವುದಿಲ್ಲ, ಬಿರುಕು ಬಿಟ್ಟು ಒಡೆಯುತ್ತದೆ, ನೀರು ನಿಧಾನಕ್ಕೆ ಸರಿದುಹೋಗುವಂತೆ ತುಸು ಇಳುಕಲು ಕೊಟ್ಟ ಒಡ್ಡು ಬೇಕು ಎಂಬುದು ಅಲ್ಲಿನ ಅನುಭವದಿಂದ ಬಂದ ತಿಳಿವಳಿಕೆ. ಹಿಂಗಾರಿ ಹೊಲಕ್ಕೆ ಚೌಕುಮಡಿಯನ್ನು ಬಳ್ಳಾರಿ, ವಿಜಯಪುರದ ಕೇಂದ್ರಗಳು ದಶಕಗಳಿಂದ ಹೇಳುತ್ತ ಬಂದಿವೆ. ಹತ್ತರಿಂದ ಹದಿನೈದು ಅಡಿ ಉದ್ದ ಅಗಲದ ಚೌಕಗಳು, ಸುತ್ತ ಗಿಡ್ಡನೆಯ ಏರು. ಬಿದ್ದ ಮಳೆ ಬಿದ್ದ ಚೌಕದಲ್ಲೇ ನಿಂತು ಇಳಿಯುತ್ತದೆ. ಬಿತ್ತುವ ಹೊತ್ತಿಗೆ ಹರಗಿ ಸಮ ಮಾಡಿದರಾಯಿತು. ಒಂದು ಎಕರೆಗೆ 50 ಮಿಲಿಮೀಟರ್ ಮಳೆ ಎಂದರೆ 2 ಲಕ್ಷ ಲೀಟರ್ ನೀರು. ಅದರಲ್ಲಿ ಅರ್ಧ ಹಳ್ಳಕ್ಕೆ ಹೋದರೆ, ಐದು ಸಾವಿರ ಲೀಟರಿನ 20 ಟ್ಯಾಂಕರ್ ನೀರನ್ನು ನಾವೇ ಹೊರಗೆ ಬಿಟ್ಟಂತೆ. ಬಿಳಿಜೋಳಕ್ಕೆ, ಕಡಲೆಗೆ ತೆನೆ, ಕಾಯಿ ಕಟ್ಟುವ ಹೊತ್ತಿಗೆ ಆಕಾಶದಿಂದ ಹನಿ ಬರುವುದಿಲ್ಲ. ಆಗ ಬೆಳೆ ಕುಡಿಯುವುದು ಈ ಇಳಿದ ಹಸಿಯನ್ನೇ.

ಹಾಗಾಗಿ ಈ ಹದಿನೈದು ದಿನದಲ್ಲಿ ಆಗಬೇಕಾದ ಕೆಲಸ ಬಹಳವಿದೆ. ಹಿಂಗಾರಿಗೆ ಬಿಟ್ಟ ಎರೆಯಲ್ಲಿ ಚೌಕುಮಡಿ ಇನ್ನೂ ಹಾಕದಿದ್ದರೆ ನೆಲ ಕಾಲಿಗೆ ಅಂಟುವ ಮೊದಲು ಹಾಕಿಕೊಳ್ಳಿ. ಹೆಸರು ಬಿಡಿಸಿದ ಹೊಲದಲ್ಲಿ ಹೊಟ್ಟು, ಬಳ್ಳಿ ಸುಡಬೇಡಿ, ನೆಲದ ಮೇಲೇ ಇರಲಿ. ಹನಿಯ ಹೊಡೆತ ಅದರ ಮೇಲೆ ಬೀಳಲಿ. ಮಸಾರಿಯಲ್ಲಿ ಮೇಲೆ ಕಟ್ಟಿದ ಪದರವನ್ನು ಎಡೆ ಹೊಡೆದು ಒಡೆಯಿರಿ. ಹರಗುವುದು, ಬಿತ್ತುವುದು ಎಲ್ಲವೂ ಇಳಿಜಾರಿಗೆ ಅಡ್ಡಲಾಗಿರಲಿ. ಟ್ರ್ಯಾಕ್ಟರ್ ಬಂದ ಮೇಲೆ ಈ ಒಂದು ಪದ್ಧತಿ ಬಹಳ ಕೆಟ್ಟಿದೆ. ಹೊಲದ ಉದ್ದಕ್ಕೆ ಹೊಡೆದರೆ ತಿರುವು ಕಡಿಮೆ, ಬಾಡಿಗೆ ಕಡಿಮೆ ಎಂದು ಇಳಿಜಾರಿನ ಗುಂಟ ಹೊಡೆಸುತ್ತೇವೆ. ಪ್ರತಿಯೊಂದು ಸಾಲೂ ಒಂದು ಕಾಲುವೆಯಾಗುತ್ತದೆ. ಉಳಿಸಿದ ಬಾಡಿಗೆ ಒಂದೇ ಮಳೆಯಲ್ಲಿ ಹೋಗುತ್ತದೆ.

ಒಡ್ಡಿನ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಅದು ಒಬ್ಬರ ಕೆಲಸವಲ್ಲ. ಮೇಲಿನ ಹೊಲದವರು ತಮ್ಮ ಹೊಲದ ನೀರಿಗೆ ಸಿಕ್ಕಲ್ಲಿ ಗಂಡಿ ಬಿಡುತ್ತಾರೆ, ಕೆಳಗಿನವರು ಅದಕ್ಕೆ ಮಣ್ಣು ಹಾಕಿ ಮುಚ್ಚುತ್ತಾರೆ. ದೊಡ್ಡ ಮಳೆ ಬಂದ ರಾತ್ರಿ ನೀರು ಇಬ್ಬರ ಒಡ್ಡನ್ನೂ ಒಡೆದುಕೊಂಡು ಹೋಗುತ್ತದೆ. ಅಣ್ಣತಮ್ಮಂದಿರ ನಡುವೆ ಇದರಿಂದ ಮಾತು ನಿಂತ ಮನೆಗಳನ್ನು ನಾನು ಬಲ್ಲೆ. ಹುಬ್ಬಿ ಮಳೆ ಶುರುವಾಗುವ ಮೊದಲು ಮೇಲಿನವರೂ ಕೆಳಗಿನವರೂ ಒಟ್ಟಿಗೆ ಒಡ್ಡಿನ ಗುಂಟ ನಡೆಯಿರಿ. ನೀರು ತಾನಾಗಿ ಸರಿಯುವ ತಗ್ಗು ಎಲ್ಲಿದೆಯೋ ಅಲ್ಲಿಯೇ ಗಂಡಿ ಇರಲಿ, ಅದಕ್ಕೆ ಎರಡೂ ಕಡೆ ಕಲ್ಲು ಕಟ್ಟಿ, ನೀರು ಧುಮುಕುವ ಜಾಗಕ್ಕೆ ದೊಡ್ಡ ಕಲ್ಲು ಹಾಸಿ. ಕಲ್ಲು ಹೊರುವುದು ಇಬ್ಬರಿಗೂ ಅರ್ಧರ್ಧ. ಗಂಡಿಯಿಂದ ಹೊರಟ ನೀರು ಹತ್ತಿರದ ಕೃಷಿ ಹೊಂಡಕ್ಕೆ ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ಹೊಂಡದ ಬಾಯಲ್ಲಿ ಒಂದು ಸಣ್ಣ ಹೂಳುಗುಂಡಿ ತೋಡಿಟ್ಟರೆ, ಮಳೆಗಾಲ ಮುಗಿದ ಮೇಲೆ ಅದರಲ್ಲಿ ಕೂತ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಮತ್ತೆ ಹೊಲಕ್ಕೆ ಹಾಕಬಹುದು.